ಫಾರ್ಮ್‌ನಾಗಿನ ಸೆಕೆಂಡ್ ಬೇಸ್ ಹುಡುಗರನ್ನ ತೂಗಿ ನೋಡೋದು ಹೆಂಗ

ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್, ಅಂದ್ರ ನಾವು ಓಓಟಿಪಿ ಅನ್ನೋ, ಬೇಸ್‌ಬಾಲ್ ಟೀಂ ನಡಸೋ ಕಂಪ್ಯೂಟರ್ ಗೇಮಿನಾಗ ಹೊಸದಾಗಿ ಟೀಂ ಹಿಡದವ್ರು ಮೊದಲು ಕೇಳೋದು ಪಿಚರ್, ಅಂದ್ರ ಬಾಲ್ ಎಸಿಯೋವನ ಬಗ್ಗೆ, ಆಮ್ಯಾಲ ಶಾರ್ಟ್‌ಸ್ಟಾಪ್ ಅನ್ನೋ ಫೀಲ್ಡರ್ ಬಗ್ಗೆ, ಸೆಕೆಂಡ್ ಬೇಸ್ ಬಗ್ಗೆ ಯಾರೂ ಕೇಳಂಗಿಲ್ಲ. ಫಾರ್ಮ್, ಅಂದ್ರ ಹುಡುಗರು ಆಡಿ ಬೆಳಿಯೋ ಕೆಳಗಿನ ಟೀಂಗಳ ಲಿಸ್ಟ್ ತಗದು, ಪೊಸಿಷನ್ ಫಿಲ್ಟರ್‌ನಾಗ ಸೆಕೆಂಡ್ ಬೇಸ್ ಒತ್ತಿ, ಯಾವನಿಗೆ ಪೊಟೆನ್ಶಿಯಲ್ (ಮುಂದ ಎಷ್ಟು ಬೆಳೀಬೋದು ಅನ್ನೋ ಅಂದಾಜು) ಸ್ಟಾರ್ ಜಾಸ್ತಿ ಅದಾವ ಅವನ ನಮ್ಮ ಮುಂದಿನ ಸೆಕೆಂಡ್ ಬೇಸ್‌ಮನ್ ಅಂತ ಬರಕೊಂಡು ಬಿಡ್ತಾರ. ಎರಡು ಮೂರು ಸೀಸನ್ ಆದ್ಮ್ಯಾಲ ನೋಡಿದ್ರ ಅದ ಹುಡುಗ ಟ್ರಿಪಲ್ ಎ, ಅಂದ್ರ ಫಾರ್ಮಿನ ಎಲ್ಲಾದಕ್ಕಿಂತ ಮ್ಯಾಲಿನ ಟೀಮಿನಾಗ 26 ವರ್ಷದವ ಆಗಿ ಕುಂತಿರ್ತಾನ, ಮ್ಯಾಲ ಕರಸೋಣ ಅಂದ್ರ ಬ್ಯಾಟ್ ಸಾಲಂಗಿಲ್ಲ, ಮಾರೋಣ ಅಂದ್ರ ಯಾರೂ ತಗೊಳಂಗಿಲ್ಲ. ನಾನ್ ಹೇಳೋದು ಏನಂದ್ರ, ಸೆಕೆಂಡ್ ಬೇಸ್‌ಗೆ ಹುಡುಗ ಬೇಕಂದ್ರ ಆ ಫಿಲ್ಟರ್ ಮೊದಲು ಒತ್ತಲೇ ಬ್ಯಾಡ್ರಿ, ಛಲೋ ಸೆಕೆಂಡ್ ಬೇಸ್‌ಮನ್ ಅರ್ಧಕ್ಕರ್ಧ ಮಂದಿ ಬ್ಯಾರೆ ಪೊಸಿಷನ್ ಹೆಸರಿನಾಗ ಅಡಗಿರ್ತಾರ.

ಉದಾಹರಣಿ ಎಲ್ಲಾ ನಮ್ಮ ಗೆಳೆಯಾರ ಲೀಗಿನವು. ಗಂಗಾವತಿ, ಬಳ್ಳಾರಿ, ರಾಯಚೂರು, ಸಿಂಧನೂರು, ಸಿರುಗುಪ್ಪ ಹಿಂಗ ಊರ ಹೆಸರಿಟ್ಟು ಟೀಂ ಮಾಡೀವಿ, ರೂಲ್ಸ್ ಮಾತ್ರ ಅಮೆರಿಕದ ಮೇಜರ್ ಲೀಗ್, ಅಂದ್ರ ಎಂಎಲ್‌ಬಿದು ಹೆಂಗದಾವೋ ಹಂಗ. ಎಂಎಲ್‌ಬಿ ಒಳಗ 2021ರಿಂದ ಒಂದೊಂದು ಟೀಮಿಗೆ ನಾಕು ಮೇನ್ ಫಾರ್ಮ್ ಟೀಂ, 30 ಟೀಮಿಗೆ ಒಟ್ಟು 120, ಅದನ್ನ ನಮ್ಮ ಲೆಕ್ಕಕ್ಕ ತಂದ್ರ ನನ್ನ ಗಂಗಾವತಿಗೆ ಟ್ರಿಪಲ್ ಎ ಕೊಪ್ಪಳ, ಡಬಲ್ ಎ ಕುಷ್ಟಗಿ, ಹೈ ಎ ಕಾರಟಗಿ, ಕೆಳಗಿನ ಸಿಂಗಲ್ ಎ ಕನಕಗಿರಿ. ಹುಡುಗ ಕನಕಗಿರಿಯಿಂದ ಹತ್ತಿ ಬರ್ಬೇಕು.

1. ಸೆಟ್ಟಿಂಗ್

ರೇಟಿಂಗ್ ಸ್ಕೇಲ್ 20-80ಕ್ಕ ಇಡ್ರಿ. ನಿಜವಾದ ಸ್ಕೌಟ್‌ಗಳು ಬಳಸೋದೂ ಅದ. 50 ಅಂದ್ರ ಮೇಜರ್ ಲೀಗಿನ ಸರಾಸರಿ, ಪ್ರತಿ 10 ಪಾಯಿಂಟ್ ಅಂದ್ರ ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್, ಹಂಗಾಗಿ ರೇಂಜ್ (ಬಾಲ್ ತನಕ ಓಡಿ ಮುಟ್ಟೋ ತಾಕತ್ತು) 60 ಇದ್ದವ ನೂರರಾಗ ಹೆಚ್ಚುಕಮ್ಮಿ 84 ಮಂದಿನ್ನ ದಾಟಿರ್ತಾನ. ಸ್ಟಾರ್ ಕಾಲಂ ಬೇಕಾದ್ರ ಮುಚ್ಚಿಬಿಡ್ರಿ, ಸ್ಟಾರು ಎಲ್ಲಾನೂ ಒಂದ ಗಂಟು ಕಟ್ಟಿ ತೋರಸ್ತೈತಿ, ನಮಗ ಬೇಕಾಗಿದ್ದು ಬಿಡಿ ಬಿಡಿ ನಂಬರು. ಆಮ್ಯಾಲ ಲೀಗ್ ನಡಸೋ ಕಮಿಷನರ್‌ಗೆ ಎರಡು ಮಾತು ಕೇಳ್ರಿ: ಸ್ಕೌಟಿಂಗ್ ಅಕ್ಯುರಸಿ ಎಷ್ಟಕ್ಕ ಇಟ್ಟಾರ, ಟ್ಯಾಲೆಂಟ್ ಚೇಂಜ್ ರ‍್ಯಾಂಡಮ್‌ನೆಸ್ ಎಷ್ಟಕ್ಕ ಇಟ್ಟಾರ. ಎರಡನೇದು ಹುಡುಗರ ರೇಟಿಂಗ್ ಹೇಳದ ಕೇಳದ ಎಷ್ಟು ಏರಿಳೀತೈತಿ ಅನ್ನೋದು, ಡಿಫಾಲ್ಟ್ 100 ಇರ್ತೈತಿ, ಅದಕ್ಕಿಂತ ಜಾಸ್ತಿ ಇದ್ರ 18 ವರ್ಷದ ಹುಡುಗನ ಪೊಟೆನ್ಶಿಯಲ್ ಮ್ಯಾಲ ರೊಕ್ಕ ಸುರಿಯೋದು ಲಾಟರಿ ಆಡಿದಂಗ, ಅಂಥ ಲೀಗಿನಾಗ ಡಬಲ್ ಎ ದಾಟಿದವ್ರನ್ನ ಹಿಡೀಬೇಕು.

2. ಶಾರ್ಟ್‌ಸ್ಟಾಪ್ ಲಿಸ್ಟ್ ಮೊದಲು ತಗೀರಿ

ಇದು ಈ ಲೇಖನದ ಜೀವ, ಸ್ವಲ್ಪ ನಿಧಾನ ಹೇಳ್ತೀನಿ. ಸೆಕೆಂಡ್ ಬೇಸ್‌ಮನ್ ನಿಲ್ಲೋದು ಫಸ್ಟ್ ಬೇಸು ಸೆಕೆಂಡ್ ಬೇಸು ಇವೆರಡರ ನಡುವ, ಬಾಲ್ ಹಿಡದು ಫಸ್ಟಿಗೆ ಎಸಿಯೋ ದೂರ ಕಡಿಮಿ. ಶಾರ್ಟ್‌ಸ್ಟಾಪ್ ಆ ಕಡೆ, ಸೆಕೆಂಡ್ ಮತ್ತ ಥರ್ಡ್ ನಡುವ, ಅಲ್ಲಿಂದ ಫಸ್ಟಿಗೆ ಎಸೀಬೇಕಂದ್ರ ತೋಳಿನಾಗ ಜೋರ್ ಇರಬೇಕು. ಗಲ್ಲಿ ಕ್ರಿಕೆಟ್‌ನಾಗ ಚುರುಕದಾನ ಆದ್ರ ಬೌಂಡ್ರಿಯಿಂದ ಎಸೆದ್ರ ಕೀಪರ್ ತನಕ ಮುಟ್ಟಂಗಿಲ್ಲ ಅನ್ನೋ ಹುಡುಗನ್ನ ಪಾಯಿಂಟಿಗೆ ನಿಲ್ಲಸ್ತೀವಲ್ಲ, ಅದ ಲೆಕ್ಕ. ಸಣ್ಣವರಿದ್ದಾಗ ಟೀಮಿನಾಗ ಯಾರು ಎಲ್ಲಾರಿಗಿಂತ ಚುರುಕೋ ಅವ್ರನ್ನ ಶಾರ್ಟ್‌ಸ್ಟಾಪ್ ನಿಲ್ಲಸ್ತಾರ, ಅವ್ರೊಳಗ ತೋಳು ಕಡಿಮಿ ಬಿದ್ದವ್ರು, ಇಲ್ಲಾ ತಮಗಿಂತ ಛಲೋ ಶಾರ್ಟ್‌ಸ್ಟಾಪ್ ಟೀಮಿನಾಗ ಇದ್ದವ್ರು, ಮುಂದ ಸೆಕೆಂಡ್ ಬೇಸ್‌ಗೆ ಸರೀತಾರ.

ನಿಜವಾದ ಎಂಎಲ್‌ಬಿ ಆಟಗಾರ ಮಾರ್ಕಸ್ ಸಿಮಿಯನ್ ನೋಡ್ರಿ, ಓಕ್‌ಲ್ಯಾಂಡ್‌ನಾಗ ವರ್ಷಾನುಗಟ್ಟಲೆ ಶಾರ್ಟ್‌ಸ್ಟಾಪ್, 2021ರಾಗ ಟೊರೊಂಟೊಕ್ಕ ಬಂದಾಗ ಅಲ್ಲಿ ಬೋ ಬಿಶೆಟ್ ಮೊದ್ಲ ಶಾರ್ಟ್‌ಸ್ಟಾಪ್ ಇದ್ದ, ಅದಕ್ಕ ಇವ ಸೆಕೆಂಡ್ ಬೇಸ್‌ಗೆ ಸರದ, ಆ ಒಂದ ಸೀಸನ್‌ನಾಗ 45 ಹೋಮ್ ರನ್ ಹೊಡದ, ಸೆಕೆಂಡ್ ಬೇಸ್‌ಮನ್ ಆಗಿ ಸೀಸನ್ ಕಳದವ್ರೊಳಗ 1973ರ ಡೇವಿ ಜಾನ್ಸನ್‌ನ 43ನ್ನ ದಾಟಿದ. ಅವ ಫಾರ್ಮ್‌ನಾಗ ಇದ್ದಾಗ ನೀವು ಬರೇ ಸೆಕೆಂಡ್ ಬೇಸ್ ಫಿಲ್ಟರ್ ಹಾಕಿದ್ರ ಸಿಗ್ತಿದ್ನಾ ಇಲ್ಲಾ ಯೋಚನಿ ಮಾಡ್ರಿ.

ಗೇಮಿನಾಗ ಹಿಂಗ ಮಾಡ್ರಿ. ಎಲ್ಲಾ ಫಾರ್ಮ್ ಟೀಮಿನ ಶಾರ್ಟ್‌ಸ್ಟಾಪ್‌ಗಳನ್ನ ತಗದು ಇನ್‌ಫೀಲ್ಡ್ ರೇಂಜ್ ಮ್ಯಾಲ ಸಾರ್ಟ್ ಮಾಡ್ರಿ, ರೇಂಜ್ 55 ಮ್ಯಾಲ, ಆರ್ಮ್ (ತೋಳಿನ ಜೋರು) 50 ಒಳಗ ಇರೋ ಹುಡುಗರ ಹೆಸರು ಒಂದು ಹಾಳಿ ಮ್ಯಾಲ ಬರಕೊಳ್ರಿ. ಇವ್ರು ಮುಂದ ಮೇಜರ್ ಲೀಗ್ ಶಾರ್ಟ್‌ಸ್ಟಾಪ್ ಆಗೋದು ಕಷ್ಟ, ಆದ್ರ ಸೆಕೆಂಡ್ ಬೇಸ್‌ನಾಗ ಛಲೋ ಆಗ್ತಾರ. ಅದ ಹಾಳಿಗೆ ಆರ್ಮ್ ಕಡಿಮಿ ಇರೋ ಥರ್ಡ್ ಬೇಸ್‌ಮನ್ ಯಾರರ ಇದ್ರ ಸೇರಸ್ರಿ, ಇನ್‌ಫೀಲ್ಡ್ ರೇಟಿಂಗ್ ಇರೋ ಔಟ್‌ಫೀಲ್ಡರ್ ಇದ್ರೂ ಸೇರಸ್ರಿ, ಕಡೀಕ ಸೆಕೆಂಡ್ ಬೇಸ್ ಅಂತ ಹಣೆಪಟ್ಟಿ ಇರೋರು.

ಹಣೆಪಟ್ಟಿಯವ್ರ ಮುಂದ ಒಂದು ಪ್ರಶ್ನಿ ಬರೀರಿ: ಇವ 18 ವರ್ಷಕ್ಕ ಯಾಕ ಸೆಕೆಂಡ್ ಬೇಸ್‌ನಾಗ ಬಂದು ನಿಂತ? ಉತ್ತರ ಆರ್ಮ್ ಕಡಿಮಿ ಅಂತಿದ್ರ ಚಿಂತಿಲ್ಲ. ರೇಂಜೂ ಕಡಿಮಿ ಅಂತಿದ್ರ ಹುಷಾರ್ ಆಗ್ರಿ, ಅವ ಇಲ್ಲಿಂದ ಮುಂದ ಸರಿಯೋದು ಲೆಫ್ಟ್ ಫೀಲ್ಡ್ ಇಲ್ಲಾ ಫಸ್ಟ್ ಬೇಸ್‌ಗೆ, ಅಲ್ಲಿ ಬ್ಯಾಟ್ ಭಾಳ ದೊಡ್ಡದು ಬೇಕು. ಎಷ್ಟು ದೊಡ್ಡದು ಅಂದ್ರ ಫ್ಯಾನ್‌ಗ್ರಾಫ್ಸ್ ಅನ್ನೋ ಅಂಕಿ ಅಂಶದ ವೆಬ್‌ಸೈಟಿನವ್ರು ವಾರ್ (ಒಬ್ಬ ಆಟಗಾರ ಟೀಮಿಗೆ ಎಷ್ಟು ಗೆಲುವು ತಂದ ಅನ್ನೋದು) ಲೆಕ್ಕ ಹಾಕುವಾಗ 162 ಮ್ಯಾಚಿಗೆ ಶಾರ್ಟ್‌ಸ್ಟಾಪ್‌ಗೆ 7.5 ರನ್ ಕೂಡಸ್ತಾರ, ಸೆಕೆಂಡ್ ಬೇಸ್, ಥರ್ಡ್ ಬೇಸ್, ಸೆಂಟರ್ ಫೀಲ್ಡ್‌ಗೆ 2.5 ಕೂಡಸ್ತಾರ, ಲೆಫ್ಟ್ ರೈಟ್ ಫೀಲ್ಡ್‌ಗೆ 7.5 ಕಳೀತಾರ, ಫಸ್ಟ್ ಬೇಸ್‌ಗೆ 12.5 ಕಳೀತಾರ. ಸೆಕೆಂಡಿಂದ ಫಸ್ಟಿಗೆ ಸರಿದ್ರ 15 ರನ್ ಹೋತು, ಹತ್ತು ರನ್ನಿಗೆ ಹೆಚ್ಚುಕಮ್ಮಿ ಒಂದು ಗೆಲುವು ಅನ್ನೋ ಲೆಕ್ಕದಾಗ ಒಂದೂವರೆ ಗೆಲುವು. ಅದನ್ನ ಬ್ಯಾಟಿನಿಂದ ತುಂಬಸೋ ತಾಕತ್ತು ಹತ್ತರಾಗ ಒಬ್ಬಿಬ್ಬರಿಗೆ ಇದ್ರ ಹೆಚ್ಚು.

3. ಫೀಲ್ಡಿಂಗ್ ನಂಬರ್ ಓದೋ ಕ್ರಮ

ರೇಂಜ್ ಮೊದಲು, ಆಮ್ಯಾಲ ಟರ್ನ್ ಡಬಲ್ ಪ್ಲೇ (ಒಂದ ಬಾಲಿನಾಗ ಇಬ್ಬರನ್ನ ಔಟ್ ಮಾಡೋದು), ಆಮ್ಯಾಲ ಎರರ್ (ನಂಬರ್ ಹೆಚ್ಚಿದ್ರ ತಪ್ಪು ಕಡಿಮಿ), ಕಡೀಕ ಆರ್ಮ್. ನನ್ನ ಗೆರಿ ಹಿಂಗೈತಿ: ರೇಂಜ್ 55, ಡಬಲ್ ಪ್ಲೇ 50, ಎರರ್ 45, ಆರ್ಮ್ 40 ಇದ್ರೂ ನಡೀತೈತಿ. ರೇಂಜ್ 65 ಇದ್ರ ಎರರ್ 40 ಇದ್ರೂ ಕಣ್ ಮುಚ್ಕೊಂಡು ತಗೋತೀನಿ, ಯಾಕಂದ್ರ ಬಾಲ್ ತನಕ ಮುಟ್ಟದವನಿಗೆ ಎರರ್ರೂ ಬೀಳಂಗಿಲ್ಲ, ಅಂಥವನ ಎರರ್ ನಂಬರ್ ಛಂದ ಕಾಣೋದು ಕಣ್ಕಟ್ಟು.

ಡಬಲ್ ಪ್ಲೇ ರೇಟಿಂಗ್ ಯಾಕ ಬೇಕಪಾ ಅನ್ನೋರಿಗೆ: ಶಾರ್ಟ್‌ಸ್ಟಾಪ್ ಇಲ್ಲಾ ಥರ್ಡ್ ಬೇಸ್‌ಮನ್ ಬಾಲ್ ಹಿಡದು ಸೆಕೆಂಡಿಗೆ ಎಸೀತಾನ, ನಮ್ಮ ಹುಡುಗ ಓಡಿ ಬಂದು ಬೇಸ್ ಮ್ಯಾಲ ಕಾಲಿಟ್ಟು ಬಾಲ್ ಹಿಡದು ಮೈ ತಿರುವಿ ಫಸ್ಟಿಗೆ ಎಸೀಬೇಕು, ಅಷ್ಟೊತ್ತಿಗೆ ರನ್ನರ್ ಅವನ ಕಾಲಿನ ಕಡಿಗೆ ಜಾರಿ ಬರ್ತಿರ್ತಾನ. 2015ರ ಪ್ಲೇಆಫ್‌ನಾಗ ಚೇಸ್ ಅಟ್ಲಿ ಜಾರಿ ಬಂದು ಬಡದಾಗ ಮೆಟ್ಸ್ ಟೀಮಿನ ರೂಬೆನ್ ತೇಹಾದ ಕಾಲು ಮುರೀತು, ಅದಾದ್ಮ್ಯಾಲ 2016ರಿಂದ ಜಾರೋದಕ್ಕ ರೂಲ್ ಬಿಗಿ ಮಾಡಿದ್ರು. ಗ್ರೌಂಡ್‌ಬಾಲ್ ಪಿಚರ್, ಅಂದ್ರ ಬ್ಯಾಟರ್ ಕಡಿಂದ ಬಾಲ್ ನೆಲದ ಮ್ಯಾಲ ಹೊಡಸೋವ್ರು, ನಿಮ್ಮ ಟೀಮಿನಾಗ ಜಾಸ್ತಿ ಇದ್ರ ಈ ನಂಬರ್‌ಗೆ ಇನ್ನೂ ಬೆಲಿ, ಬರೇ ಸ್ಟ್ರೈಕ್‌ಔಟ್ ಪಿಚರ್ ಇಟ್ಕೊಂಡವ್ರು 45 ಇದ್ರೂ ಜೀವನ ನಡಸ್ಬೋದು.

ಇನ್ನೊಂದು, ಶಿಫ್ಟ್. ಮೊದಲು ಎಡಗೈ ಬ್ಯಾಟರ್ ಬಂದ್ರ ಸೆಕೆಂಡ್ ಬೇಸ್‌ಮನ್‌ನ ರೈಟ್ ಫೀಲ್ಡ್ ಹುಲ್ಲಿನ ಮ್ಯಾಲ ಹಿಂದಕ್ಕ ನಿಲ್ಲಿಸಿ ಅವನ ನಿಧಾನನ ಮುಚ್ಚಿಡ್ತಿದ್ರು. 2023ರಿಂದ ಎಂಎಲ್‌ಬಿನಾಗ ಸೆಕೆಂಡ್ ಬೇಸಿನ ಆಕಡೆ ಇಬ್ರು ಈಕಡೆ ಇಬ್ರು ಇರ್ಬೇಕು, ನಾಲ್ವರ ಕಾಲೂ ಇನ್‌ಫೀಲ್ಡ್ ಒಳಗ ಇರ್ಬೇಕು ಅಂತಾತು, ಮುಚ್ಚಿಡಾಕ ಜಾಗ ಇಲ್ಲ. ನಿಮ್ಮ ಲೀಗು ಯಾವ ಕಾಲದ ರೂಲ್‌ನಾಗ ನಡದೈತಿ ನೋಡ್ಕೊಂಡು ರೇಂಜಿನ ಗೆರಿ ಮ್ಯಾಲ ಕೆಳಗ ಮಾಡ್ಕೊಳ್ರಿ.

ಶಾರ್ಟ್‌ಸ್ಟಾಪ್ ಹುಡುಗನಿಗೆ ಸೆಕೆಂಡ್ ಬೇಸ್ ಅನುಭವ ಸೊನ್ನಿ ಇದ್ರ ಪೊಸಿಷನ್ ರೇಟಿಂಗ್ ಮೊದಲು ಕಡಿಮಿ ತೋರಸ್ತೈತಿ, ಹೆದರಬ್ಯಾಡ್ರಿ, ಮ್ಯಾಚ್ ಆಡ್ತಾ ಆಡ್ತಾ ಏರ್ತೈತಿ. ಹೈ ಎ ಒಳಗ ಸೀಸನ್ನಿಗೆ 132 ಮ್ಯಾಚ್ ಇರ್ತಾವ, ಅದ್ರಾಗ ಅರ್ಧ ಸೆಕೆಂಡ್ ಅರ್ಧ ಶಾರ್ಟ್ ಆಡಿಸಿದ್ರೂ ಕಲೀತಾನ, ಶಾರ್ಟ್‌ಸ್ಟಾಪ್ ಅನ್ನೋ ಬೆಲಿನೂ ಉಳೀತೈತಿ.

4. ಬ್ಯಾಟ್

ಇಲ್ಲಿ ಮಂದಿ ಮೋಸ ಹೋಗೋದು ಕಾಂಟ್ಯಾಕ್ಟ್ ನಂಬರ್ ನೋಡಿ. ಕಾಂಟ್ಯಾಕ್ಟ್ 60, ಪವರ್ 30, ಐ (ಕೆಟ್ಟ ಬಾಲ್ ಬಿಡೋ ಕಣ್ಣು) 35, ಗ್ಯಾಪ್ (ಫೀಲ್ಡರ್‌ಗಳ ನಡುವ ಹೊಡಿಯೋದು) 40 ಅನ್ನೋ ಹುಡುಗ ಪ್ರತಿ ಫಾರ್ಮ್‌ನಾಗೂ ಒಬ್ಬ ಇರ್ತಾನ, .290 ಆವರೇಜ್ ಹೊಡೀತಾನ, ಛಂದ ಕಾಣ್ತಾನ, ಲೆಕ್ಕ ಹಾಕಿದ್ರ ವಾಕ್ (ನಾಕು ಕೆಟ್ಟ ಬಾಲಿಗೆ ಪುಕ್ಕಟ ಸಿಗೋ ಫಸ್ಟ್ ಬೇಸ್) ಇಲ್ಲ, ಡಬಲ್ (ಒಂದ ಹೊಡತಕ್ಕ ಎರಡು ಬೇಸ್) ಇಲ್ಲ, ಬರೇ ಸಿಂಗಲ್. ಮೇಜರ್ ಲೀಗಿನ ಪಿಚರ್ ಮುಂದ ಆ .290 ಅನ್ನೋದು .255 ಆದ ದಿನ ಕೈಯಾಗ ಏನೂ ಉಳಿಯಂಗಿಲ್ಲ. ನಾನು ಮೊದಲು ಓದೋದು ಐ ಮತ್ತ ಅವಾಯ್ಡ್ ಕೆ (ಸ್ಟ್ರೈಕ್‌ಔಟ್ ಆಗದಿರೋದು), ಇವೆರಡೂ ಪೊಟೆನ್ಶಿಯಲ್‌ನಾಗ 50 ದಾಟಿದ್ರ ಆಮ್ಯಾಲ ಗ್ಯಾಪ್. ಸೆಕೆಂಡ್ ಬೇಸ್‌ಮನ್‌ಗೆ ಗ್ಯಾಪ್ 55, ಪವರ್ 40 ಅಂದ್ರ ಸಾಕು, ನೀರು ಕುಡದಂಗ ಡಬಲ್ ಹೊಡೀತಾನ ಅಂತ ನಮ್ಮ ಸಿಂಧನೂರು ಜಿಎಂ (ಆ ಟೀಂ ನಡಸೋವ) ಅಂತಿರ್ತಾನ. ಪವರ್ 55 ಮ್ಯಾಲ ಇದ್ರ ಅದು ಬೋನಸ್ಸು, ಬರೇ ಪವರ್ ಒಂದ ಇಟ್ಕೊಂಡು ಅವಾಯ್ಡ್ ಕೆ 35 ಇದ್ರ ನಾನಂತೂ ಮುಟ್ಟಂಗಿಲ್ಲ.

ಎತ್ತರ ನೋಡಬ್ಯಾಡ್ರಿ. ಹೊಸೆ ಅಲ್ಟೂವೆ 5 ಅಡಿ 6 ಇಂಚು, ಟ್ರೈಔಟ್‌ನಾಗ ಗಿಡ್ಡ ಅಂತ ಒಮ್ಮೆ ವಾಪಸ್ ಕಳಿಸಿದ್ರು, 2007ರಾಗ ಹ್ಯೂಸ್ಟನ್ ಅವನಿಗೆ ಕೊಟ್ಟಿದ್ದು 15,000 ಡಾಲರ್. 2012ರಿಂದ 2014ರ ತನಕ ಅವನ ಹೋಮ್ ರನ್ 7, 5, 7. ಆದ್ರ ಬಾಲ್ ತಪ್ಪಸ್ತಿರಲಿಲ್ಲ, 2014ರಾಗ ಬ್ಯಾಟಿಂಗ್ ಟೈಟಲ್ ಗೆದ್ದ, 2016ರಾಗ ಹೋಮ್ ರನ್ 24ಕ್ಕ ಹೋತು, 2017ರಾಗ ಎಂವಿಪಿ, ಅಂದ್ರ ಲೀಗಿನ ಆ ವರ್ಷದ ಶ್ರೇಷ್ಠ ಆಟಗಾರ. ಬ್ಯಾಟಿಗೆ ಬಾಲ್ ಸಿಕ್ರ ಪವರ್ ಆಮ್ಯಾಲ ಬರಬೋದು, ಬಾಲ್ ಸಿಗದವನಿಗೆ ಪವರ್ ಇದ್ದೂ ಉಪಯೋಗಿಲ್ಲ. ಹಂಗಂತ ಎಲ್ಲಾ ಗಿಡ್ಡ ಹುಡುಗರೂ ಅಲ್ಟೂವೆ ಅಲ್ಲ, ನಮ್ಮ ಲೀಗಿನಾಗ ಹಂಗ ಅನ್ಕೊಂಡು ಡ್ರಾಫ್ಟ್ ಮಾಡೋರು ಅದಾರ, ಅವ್ರ ಪಾಡು ಅವ್ರಿಗೆ.

ಎಡಗೈ ಬ್ಯಾಟ್ ಇದ್ರ ಅರ್ಧ ಗ್ರೇಡ್ ಜಾಸ್ತಿ ಕೊಡ್ರಿ, ಪಿಚರ್‌ಗಳೊಳಗ ಬಲಗೈಯವ್ರ ಜಾಸ್ತಿ. ಸ್ಪ್ಲಿಟ್ ರೇಟಿಂಗ್ ಒಳಗ ಎಡಗೈ ಪಿಚರ್ ಮುಂದ 30, ಬಲಗೈ ಮುಂದ 55 ಅಂತಿದ್ರ ಅವ ಪ್ಲಟೂನ್ ಹುಡುಗ, ಬಲಗೈ ಪಿಚರ್ ಮುಂದ ಅಷ್ಟ ಆಡಸೋವ, ಹಂಗ ಬರಕೊಳ್ರಿ.

5. ಅಂಕಿ ಅಂಶ ವಯಸ್ಸಿನ ಜೋಡಿ ಓದ್ರಿ

ಸಿಂಗಲ್ ಎ ಒಳಗ 20-21, ಹೈ ಎ ಒಳಗ 22 ಸುಮಾರು, ಡಬಲ್ ಎ ಒಳಗ 23-24, ಟ್ರಿಪಲ್ ಎ ಒಳಗ 25 ಮ್ಯಾಲ, ಇದು ಸಾಧಾರಣ ವಯಸ್ಸು. ಕುಷ್ಟಗಿಯಾಗ 20 ವರ್ಷದವ ಡಬ್ಲ್ಯೂಆರ್‌ಸಿ ಪ್ಲಸ್ (ಬ್ಯಾಟಿಂಗಿನ ಒಟ್ಟು ಲೆಕ್ಕ) 100 ಅಂದ್ರ ಲೀಗಿನ ಸರಾಸರಿ ಹೊಡದ್ರ ನಾನು ಖುಷಿ ಪಡ್ತೀನಿ, ಕೊಪ್ಪಳದಾಗ 26 ವರ್ಷದವ 130 ಹೊಡದ್ರ ಯಾರಿಗೆ ಮಾರ್ಲಿ ಅಂತ ನೋಡ್ತೀನಿ. ಬ್ಯಾಬಿಪ್ (ಹೊಡದ ಬಾಲ್ ಫೀಲ್ಡಿನಾಗ ಬಿದ್ದಾಗಿನ ಆವರೇಜ್) .300 ಸುತ್ತ ಇರೋದು ಸಹಜ, ಒಬ್ಬನ್ದು .390 ಅಂತಿದ್ರ ಅದ್ರಾಗ ಅದೃಷ್ಟ ಭಾಳ ಐತಿ. ಸ್ಟ್ರೈಕ್‌ಔಟ್ ಪರ್ಸೆಂಟು ಬೇಗ ನಿಜ ಹೇಳ್ತೈತಿ, ವಾಕ್ ಪರ್ಸೆಂಟು ಅದ್ರ ಹಿಂದ, ಆವರೇಜು ಎಲ್ಲಾದಕ್ಕಿಂತ ಕಡೀಕ, ಅದಕ್ಕ ಏಪ್ರಿಲ್ ತಿಂಗಳಾಗ ಆವರೇಜ್ ನೋಡಿ ಪ್ರಮೋಷನ್ ಕೊಡಬ್ಯಾಡ್ರಿ. ಪಾರ್ಕ್ ಫ್ಯಾಕ್ಟರ್ ಒಮ್ಮೆ ನೋಡ್ರಿ, ನಮ್ಮ ಕಮಿಷನರ್ ಕುಷ್ಟಗಿ ಗ್ರೌಂಡಿಗೆ ರೈಟ್ ಫೀಲ್ಡ್ ಗೋಡಿ ಭಾಳ ಹತ್ತಿರ ಇಟ್ಟಾನ, ಅಲ್ಲಿ ಎಡಗೈಯವ್ರ ಹೋಮ್ ರನ್ನನ್ನ ನಾನು ಅರ್ಧ ನಂಬ್ತೀನಿ.

6. ಸ್ಕೌಟ್ ಏನಂತಾನ, ಹುಡುಗ ಎಂಥವ

ಗೇಮಿನಾಗ ಎರಡು ಅಭಿಪ್ರಾಯ ಸಿಗ್ತಾವ, ನಿಮ್ಮ ಸ್ಕೌಟಿಂಗ್ ಡೈರೆಕ್ಟರ್‌ದು ಒಂದು, ಓಎಸ್‌ಎ ಅಂತ ಎಲ್ಲಾರಿಗೂ ಕಾಣೋದು ಒಂದು. ಎರಡೂ ಒಂದ ಹೇಳಿದ್ರ ನಂಬ್ರಿ. ಭಾಳ ದೂರ ಇದ್ರ ನಿಮ್ಮ ಸ್ಕೌಟ್ ಟೂಲ್ಸ್ (ಮುಂದಿನ ತಾಕತ್ತು) ಮೆಚ್ಚಾವನೋ ಎಬಿಲಿಟಿ (ಈಗಿನ ಆಟ) ಮೆಚ್ಚಾವನೋ ಪ್ರೊಫೈಲ್‌ನಾಗ ನೋಡ್ರಿ, ಟೂಲ್ಸ್ ಮೆಚ್ಚೋ ಸ್ಕೌಟು 17 ವರ್ಷದ ಹುಡುಗನ ಪೊಟೆನ್ಶಿಯಲ್‌ನ ಹೊಗಳಿ ಅಟ್ಟಕ್ಕೇರಸ್ತಾನ. ವರ್ಕ್ ಎಥಿಕ್, ಇಂಟೆಲಿಜೆನ್ಸ್ ಎರಡೂ ಲೋ ಇದ್ರ ಒಂದು ಮೆಟ್ಟಲ ಇಳಸ್ರಿ. ಇಂಜುರಿ ಫ್ರ್ಯಾಜೈಲ್ ಅಂತ ಇದ್ರ ಎರಡು.

7. ದಾರಿ ಖಾಲಿ ಐತೇನು

ಹುಡುಗ ಛಲೋ ಅದಾನ, ಮ್ಯಾಲ ಜಾಗ ಇಲ್ಲ ಅಂದ್ರ? ಮೂಕಿ ಬೆಟ್ಸ್‌ನ ಬಾಸ್ಟನ್ 2011ರಾಗ ಐದನೇ ರೌಂಡಿನಾಗ ತಗೊಂತು, ಫಾರ್ಮ್‌ನಾಗ ಸೆಕೆಂಡ್ ಬೇಸ್‌ಮನ್ ಆಗಿ ಬೆಳದ, ಆದ್ರ ಮ್ಯಾಲ ಡಸ್ಟಿನ್ ಪೆಡ್ರೋಯಾ ಕುಂತಿದ್ದ, 2013ರಾಗ ಅವನ ಕಾಂಟ್ರ್ಯಾಕ್ಟ್ ಎಂಟು ವರ್ಷ ಮುಂದಕ್ಕ ಹೋತು. 2014ರಾಗ ಬೆಟ್ಸ್‌ನ ಔಟ್‌ಫೀಲ್ಡಿಗೆ ಕಳಿಸಿದ್ರು, 2018ರಾಗ ಎಂವಿಪಿ ಆದ. ಬೆಟ್ಸ್‌ಗೆ ಅದು ನಡೀತು ಯಾಕಂದ್ರ ಕಾಲಿನಾಗ ವೇಗ ಇತ್ತು. ಅದಕ್ಕ ಹಾಳಿ ಮ್ಯಾಲಿನ ಪ್ರತಿ ಹೆಸರಿನ ಮುಂದ ಎರಡನೇ ಪೊಸಿಷನ್ ಒಂದು ಬರೀರಿ, ಬರಿಯಾಕ ಏನೂ ಸಿಗದವನ ಬೆಲಿ ಕಡಿಮಿ.

ರೂಲ್ 5 ಡ್ರಾಫ್ಟ್ ಮರೀಬ್ಯಾಡ್ರಿ. 18 ಇಲ್ಲಾ ಅದಕ್ಕಿಂತ ಕಡಿಮಿ ವಯಸ್ಸಿಗೆ ಸಹಿ ಹಾಕಿದವ್ರಿಗೆ ಐದು ಸೀಸನ್, 19 ಮ್ಯಾಲಿನವ್ರಿಗೆ ನಾಕು, ಅಷ್ಟರೊಳಗ 40 ಮಂದಿ ರೋಸ್ಟರ್, ಅಂದ್ರ ಟೀಂ ಕಾಯ್ದಿಟ್ಕೊಳ್ಳೋ ಆಟಗಾರರ ಪಟ್ಟಿಗೆ ಸೇರಿಸ್ಲಿಲ್ಲಂದ್ರ ಬ್ಯಾರೆ ಟೀಮಿನವ್ರು ಎತ್ಕೊಂಡು ಹೋಗ್ಬೋದು, ಆದ್ರ ಅವ್ರು ಅವನ್ನ ಪೂರಾ ಸೀಸನ್ ಮೇಜರ್ ಲೀಗಿನಾಗ ಇಟ್ಕೋಬೇಕು. ಡ್ಯಾನ್ ಅಗ್ಲಾ ಹಂಗ ಹೋದವ: ಅರಿಝೋನಾ ರೋಸ್ಟರ್‌ಗೆ ಸೇರಿಸ್ಲಿಲ್ಲ, 2005ರ ಡಿಸೆಂಬರ್‌ನಾಗ ಫ್ಲೋರಿಡಾ ಎತ್ಕೊಂತು, 2006ರಾಗ 27 ಹೋಮ್ ರನ್, ಆಲ್ ಸ್ಟಾರ್. ಫೀಲ್ಡಿಂಗ್ ಅವನ್ದು ಅಷ್ಟಕ್ಕಷ್ಟ, ಬ್ಯಾಟ್ ಮಾತ್ರ ಸೆಕೆಂಡ್ ಬೇಸ್‌ಗೆ ದೊಡ್ಡದು. ಬ್ಯಾರೆ ಟೀಮಿನ ಟ್ರಿಪಲ್ ಎ ಒಳಗ ಇಂಥ ಹುಡುಗ ರಕ್ಷಣಿ ಇಲ್ದ ಬಿದ್ದಿರ್ತಾನ, ಡಿಸೆಂಬರ್ ಸಿಮ್ (ಗೇಮಿನ ದಿನ ಮುಂದಕ್ಕ ಓಡಸೋದು) ಮುಂಚೆ ಒಂದು ಸಂಜಿ ಒಗ್ಗರಣಿ ಮಿರ್ಚಿ ಮುಂದಿಟ್ಕೊಂಡು ಕುಂತು ಹುಡುಕ್ರಿ.

8. ಮೂರು ಹುಡುಗರ ಲೆಕ್ಕ

ಒಬ್ಬ ಕಾರಟಗಿಯಾಗಿನ ಶಾರ್ಟ್‌ಸ್ಟಾಪ್, 19 ವರ್ಷ, ರೇಂಜ್ 60, ಡಬಲ್ ಪ್ಲೇ 55, ಎರರ್ 50, ಆರ್ಮ್ 45, ಪೊಟೆನ್ಶಿಯಲ್‌ನಾಗ ಕಾಂಟ್ಯಾಕ್ಟ್ 50, ಐ 55, ಗ್ಯಾಪ್ 55, ಪವರ್ 40. ಸ್ಟಾರ್ ಎರಡೂವರೆ ತೋರಸ್ತೈತಿ. ಎರಡನೇದವ ಕುಷ್ಟಗಿಯಾಗಿನ ಸೆಕೆಂಡ್ ಬೇಸ್ ಹಣೆಪಟ್ಟಿಯವ, 22 ವರ್ಷ, ರೇಂಜ್ 45, ಡಬಲ್ ಪ್ಲೇ 40, ಆರ್ಮ್ 40, ಕಾಂಟ್ಯಾಕ್ಟ್ 60, ಪವರ್ 50, ಐ 40, ಸ್ಟಾರ್ ನಾಕು. ಮೂರನೇದವ ಕೊಪ್ಪಳದಾಗಿನ 24 ವರ್ಷದವ, ಎಲ್ಲಾ 45ರಿಂದ 50, ಸೆಕೆಂಡ್, ಶಾರ್ಟ್, ಥರ್ಡ್ ಮೂರೂ ಆಡ್ತಾನ.

ಮೊದಲ್ನೇದವ ನನ್ನ ಮುಂದಿನ ಸೆಕೆಂಡ್ ಬೇಸ್‌ಮನ್, ಯಾರಿಗೂ ಕೊಡಂಗಿಲ್ಲ, ಮುಂದಿನ ಸೀಸನ್‌ನಿಂದ ವಾರಕ್ಕ ಎರಡು ಮೂರು ಮ್ಯಾಚ್ ಸೆಕೆಂಡ್ ಬೇಸ್‌ನಾಗ. ಎರಡನೇದವನ್ನ ಈಗ ಮಾರ್ತೀನಿ, ನಾಕು ಸ್ಟಾರ್ ಇರೋ ತನಕನ ಅವನಿಗೆ ಬೆಲಿ, ರಾಯಚೂರಿನ ಜಿಎಂ ಸ್ಟಾರ್ ಕಾಲಂ ಬಿಟ್ಟು ಬ್ಯಾರೆ ಏನೂ ಓದಂಗಿಲ್ಲ ಅಂತ ಲೀಗಿಗೆಲ್ಲಾ ಗೊತ್ತೈತಿ, ಅವನ ಹಂತೇಕ ಒಂದು ಛಲೋ ರಿಲೀಫ್ ಪಿಚರ್ ಕೇಳ್ತೀನಿ. ಮೂರನೇದವನ್ನ ಮಂದಿ ಸುಮ್ನ ಬಿಟ್ಟು ಕೊಡ್ತಾರ, ನಾನು 40ರ ರೋಸ್ಟರ್‌ಗೆ ಸೇರಸ್ತೀನಿ, ಸಹಿ ಹಾಕಿದಾಗ ಅವನಿಗೆ 20, ನಾಕು ಸೀಸನ್ ಮುಗದಾವ, ಸೇರಿಸ್ಲಿಲ್ಲಂದ್ರ ರೂಲ್ 5 ಒಳಗ ಹೋಗೋದು ಪಕ್ಕಾ, ಮ್ಯಾಲ ಸೇರಿದ್ರ ಮೂರು ಆಪ್ಷನ್ ವರ್ಷ ಸಿಗ್ತಾವ, ಕೊಪ್ಪಳ ಗಂಗಾವತಿ ನಡುವ ಓಡಾಡಿಸ್ಬೋದು. ಇದನ್ನೆಲ್ಲಾ ನವೆಂಬರ್ ರೋಸ್ಟರ್ ಡೆಡ್‌ಲೈನಿಗೆ ಮುಂಚಿನ ಸಿಮ್ಮಿಗೇ ಮುಗಿಸಿ ಎಕ್ಸ್‌ಪೋರ್ಟ್ ಫೈಲ್ ಕಮಿಷನರ್‌ಗೆ ಹಿಂದಿನ ರಾತ್ರಿನ ಕಳಿಸಿಬಿಡ್ರಿ, ಬೆಳಿಗ್ಗೆ ಕರೆಂಟ್ ಇರ್ತೈತಿ ಅಂತ ನಂಬ್ಕೊಂಡು ಕುಂದರಬ್ಯಾಡ್ರಿ.